ನೀರಿನ ಕಾವಲು



ಕೆಲವು ವರ್ಷಗಳ ಕೆಳಗೆ ಕಾರ್ಕಳದ ಕಡೆಯ ಒಂದು ಹಳ್ಳಿಗೆ ಮದುವೆಯ ನಿಮಿತ್ತವಾಗಿ ಹೋಗಿದ್ದೆನು. ಬಂದವರು ಅಂಗಳವನ್ನು ದಾಟಿ ಚಾವಡಿಯಲ್ಲಿ ಕುಳಿತೊಡನೆ ಒಂದು ತುಂಡು ಬೆಲ್ಲವನ್ನೂ ಒಂದು ತಂಬಿಗೆ ನೀರನ್ನೂ ಮುಂದಿಡುವುದು ಆ ಸೀಮೆಯ ಮನೆಗಳಲ್ಲಿ ಬಹುಕಾಲದ ಪದ್ಧತಿ. ಕುಶಲಪ್ರಶ್ನೆಗೂ ಮೊದಲು ನಡೆಯುವ ಉಪಚಾರ ಅದು. ಆ ದಿನವೂ ಬೆಲ್ಲ ಬಂದಿತು. ಆದರೆ ಅದರ ಜತೆಗೆ ಬಂದದ್ದು ತಂಬಿಗೆಯಲ್ಲ, ಬಾಯಿಗೆ ಮೊಹರು ಬಿದ್ದ ಗೇಣುದ್ದದ ಪ್ಲಾಸ್ಟಿಕ್ ಶೀಸೆ. ಚಾವಡಿಯಿಂದ ಹತ್ತು ಮಾರು ದೂರದಲ್ಲಿ ಮುರಕಲ್ಲಿನ ಕಟ್ಟೆ ಕಟ್ಟಿದ ಬಾವಿ ತುಂಬಿ ನಿಂತಿತ್ತು. ನನ್ನ ನೋಟ ಎತ್ತ ಹೋಯಿತೆಂಬುದನ್ನು ಯಜಮಾನರು ಗಮನಿಸಿರಬೇಕು. “ಬಾವಿಯಲ್ಲಿ ನೀರು ಬೇಕಾದಷ್ಟು ಉಂಟು, ರಾಯರೇ. ಮನೆಯವರೆಲ್ಲ ಕುಡಿಯುವುದೂ ಅದನ್ನೇ. ಆದರೆ ಬಂದವರು ನಂಬಬೇಕಲ್ಲ!” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ನೀರಿನ ವಿಷಯದಲ್ಲಿ ನಮ್ಮ ನಂಬಿಕೆಯು ಬಾವಿಯಿಂದ ಕೊಳಾಯಿಗೂ, ಕೊಳಾಯಿಯಿಂದ ಶೀಸೆಗೂ ನಡೆದುಬಂದದ್ದು ಹೇಗೆ? ಆ ನಂಬಿಕೆಗೆ ಆಧಾರವೇನು? ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂಬ ನಾಲ್ಕು ಊರುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದು ಈ ಹೊತ್ತಿನ ನನ್ನ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ತಿಳಿಯೋಣ. ೧೯೯೭ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಉಡುಪಿ ಜಿಲ್ಲೆಯು ಪಶ್ಚಿಮಘಟ್ಟಕ್ಕೂ ಸಮುದ್ರಕ್ಕೂ ನಡುವೆ ಹಾಸಿದ ಕಿರಿದಾದ ಪಟ್ಟಿ. ಕಾರ್ಕಳವು ಘಟ್ಟದ ಬುಡಕ್ಕೆ ಸಮೀಪವಾಗಿದೆ. ಕಾಪು ಕಡಲ ದಂಡೆಯಲ್ಲಿದೆ. ಮಣಿಪಾಲವು ಮುರಕಲ್ಲಿನ ಗುಡ್ಡದ ನೆತ್ತಿಯಲ್ಲಿಯೂ, ಉಡುಪಿಯು ಅದರ ಪಡುವಣ ತಗ್ಗಿನಲ್ಲಿಯೂ ಇವೆ. ಇಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆಯಾಗುತ್ತದೆ. ಬೆಂಗಳೂರಿನ ಮಳೆಯ ನಾಲ್ಕರಷ್ಟು ಎನ್ನಬಹುದು. ಆದರೆ ಅದರ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಸುರಿದು, ಇಳಿಜಾರಿನಲ್ಲಿ ಹರಿದು, ಬೇಗನೆ ಸಮುದ್ರವನ್ನು ಸೇರಿಬಿಡುತ್ತದೆ. ಉಳಿದದ್ದನ್ನು ಹೀರಿಕೊಳ್ಳುವುದು ಮುರಕಲ್ಲು. ಟಿಪ್ಪುವಿನ ಪತನಾನಂತರ ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೇ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು. ನೆಲದೊಳಗಿರುವಾಗ ಕೊಡಲಿಗೆ ಬಗ್ಗುವಷ್ಟು ಮೆತ್ತಗಿದ್ದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುವ ಈ ಕಲ್ಲಿನ ಮೈತುಂಬ ರಂಧ್ರಗಳು. ಈ ರಂಧ್ರಗಳ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ನಮ್ಮ ಕಥೆಯ ಒಳಿತೂ ಕೆಡಕೂ ಅವುಗಳ ಮೂಲಕವೇ ಹರಿಯುತ್ತವೆ.

ಇಂಥ ನೆಲದಲ್ಲಿ ಹಿರಿಯರು ನೀರನ್ನು ಮೂರು ಬಗೆಯಲ್ಲಿ ತಡೆದು ನಿಲ್ಲಿಸಿದರು. ಮಳೆಗಾಲ ಕಳೆದೊಡನೆ ತೋಡುಗಳಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳ ‘ಕಟ್ಟ’ಗಳನ್ನು ಹಾಕುವುದು ಒಂದು; ಇಳಿಜಾರಿನ ನೀರನ್ನು ಮದಕ, ಪಳ್ಳ, ಕೆರೆಗಳಲ್ಲಿ ನಿಲ್ಲಿಸುವುದು ಎರಡು; ಮನೆಗೊಂದು ಬಾವಿ ತೋಡುವುದು ಮೂರು. ಮಣಿಪಾಲವೆಂಬ ಹೆಸರಿನಲ್ಲಿಯೇ ಮಣ್ಣೂ ಪಳ್ಳವೂ ಅಡಗಿವೆ. ಮಣ್ಣಪಳ್ಳವೆಂಬ ಕೆರೆ ಅಲ್ಲಿ ಇಂದಿಗೂ ಇದೆ. ಕಾರ್ಕಳವನ್ನಾಳಿದ ಭೈರವರಸರ ಕೀರ್ತಿಯನ್ನು ೧೪೩೨ರಲ್ಲಿ ನಿಲ್ಲಿಸಿದ ಗೊಮ್ಮಟನ ಮೂರ್ತಿಯಿಂದ ಎಲ್ಲರೂ ಬಲ್ಲರು. ಆದರೆ ಆ ಊರಿನ ಆನೆಕೆರೆ, ರಾಮಸಮುದ್ರಗಳೂ ಆ ಹಳೆಯ ವೈಭವದ ಅಂಗಗಳೇ. ಕಲ್ಲಿನ ಮೂರ್ತಿಯನ್ನು ನೋಡಲು ದೂರದವರು ಬರುತ್ತಾರೆ. ಕೆರೆಯನ್ನಾದರೋ ಊರಿನವರೇ ಕಾಯಬೇಕು.

ಬಾವಿಗೆ ಕಾವಲುಗಾರರು ಮನೆಯವರೇ ಆಗಿದ್ದರು. ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟಿ ಹತ್ತಬಾರದು, ಎಂಜಲು ಕೈಯಿಂದ ಹಗ್ಗ ಮುಟ್ಟಬಾರದು, ಬೇಸಗೆಯ ಕೊನೆಯಲ್ಲಿ ಇಳಿದು ಕೆಸರು ತೆಗೆಯಬೇಕು ಎಂಬ ಕಟ್ಟಳೆಗಳಿದ್ದುವು. ಇವುಗಳಲ್ಲಿ ಕೆಲವು ಆರೋಗ್ಯಶಾಸ್ತ್ರಕ್ಕೆ ಸಮ್ಮತವಾದುವು. ಆದರೆ ಇಲ್ಲಿ ಒಂದು ವಿವೇಕವನ್ನು ಮರೆಯಬಾರದು. ಮಡಿ ಬೇರೆ, ನಿರ್ಮಲತೆ ಬೇರೆ. ಉಡುಪಿಯ ಮಧ್ವಸರೋವರದ ಪಾವಿತ್ರ್ಯವು ಭಕ್ತರ ಶ್ರದ್ಧೆಗೆ ಸೇರಿದ್ದು. ಆದರೆ ಯಾವ ಜಲಾಶಯದ ನೀರೇ ಆಗಲಿ, ಅದು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆಗೆ ಉತ್ತರ ಹೇಳತಕ್ಕದ್ದು ಪರೀಕ್ಷೆ. ಇದಕ್ಕಿಂತಲೂ ನೋವಿನ ಸಂಗತಿಯೆಂದರೆ, ಮಡಿಯ ಹೆಸರಿನಲ್ಲಿ ಎಷ್ಟೋ ಮಂದಿಯನ್ನು ಬಾವಿಯಿಂದಲೇ ದೂರವಿಟ್ಟದ್ದು. ಊರಿನ ನಿರ್ಮಲ ಜಲವು ಕೆಲವರಿಗೆ ಮಾತ್ರ ಮೀಸಲಾಗಿ, ಉಳಿದವರು ತೋಡಿನ, ಹೊಂಡದ ನೀರನ್ನು ಕುಡಿಯಬೇಕಾಗಿತ್ತು. ೧೯೨೭ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿದುದು ಈ ಅನ್ಯಾಯದ ವಿರುದ್ಧವೇ. ಬಾವಿಯ ಕಾಲವನ್ನು ಬರಿಯ ಹೊಗಳಿಕೆಯಿಂದ ನೆನೆಯುವವರು ಇದನ್ನು ಮರೆಯಲಾಗದು.

ಇನ್ನು ನೀರಿನಲ್ಲಿರುವ ಶತ್ರುವನ್ನು ಮನುಷ್ಯನು ಕಂಡುಹಿಡಿದ ಬಗೆ. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ವಾಂತಿಭೇದಿ ಹಬ್ಬಿದಾಗ, ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿ, ಅವರಲ್ಲಿ ಹೆಚ್ಚಿನವರು ಒಂದೇ ಬಾವಿಯ ನೀರನ್ನು ಕುಡಿದವರೆಂದು ತೋರಿಸಿದನು. ಆ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ಮೂವತ್ತು ವರ್ಷಗಳ ತರುವಾಯ, ೧೮೮೪ರಲ್ಲಿ, ಜರ್ಮನಿಯ ರಾಬರ್ಟ್ ಕೋಕನು ನಮ್ಮ ಕಲ್ಕತ್ತೆಯಲ್ಲಿಯೇ ಆ ರೋಗದ ಕ್ರಿಮಿಯನ್ನು ಗುರುತಿಸಿದನು. ಅಂದಿನಿಂದ ನೀರಿನ ಚರಿತ್ರೆ ಎರಡು ಭಾಗವಾಯಿತು. ಅದಕ್ಕೆ ಮುಂಚೆ ಕಣ್ಣು, ಮೂಗು, ನಾಲಗೆಗಳು ಸಾಕ್ಷಿಗಳಾಗಿದ್ದುವು. ಅನಂತರ ಆ ಮೂರು ಸಾಕ್ಷಿಗಳೂ ಸಾಲದಾದುವು.

ಈ ಹೊಸ ತಿಳಿವಳಿಕೆಯಿಂದ ಕರಾವಳಿಯ ಬಾವಿಯನ್ನು ನೋಡಿದರೆ ಮುರಕಲ್ಲಿನ ಇನ್ನೊಂದು ಮುಖ ಕಾಣುತ್ತದೆ. ಮಳೆಯನ್ನು ಬೇಗನೆ ಹೀರುವ ಕಲ್ಲು ಕೊಳಚೆಯನ್ನೂ ಬೇಗನೆ ಹೀರುತ್ತದೆ. ಮರಳು ಮಣ್ಣುಗಳು ನೀರನ್ನು ನಿಧಾನವಾಗಿ ಸೋಸಿ ಕೆಳಗಿಳಿಸಿದರೆ, ಮುರಕಲ್ಲಿನ ಬಿಲಗಳು ಅದನ್ನು ಸೋಸದೆಯೇ ಸಾಗಿಸಬಲ್ಲವು. ಮನೆಗಳು ವಿರಳವಾಗಿದ್ದಾಗ ಇದರಿಂದ ಅಪಾಯ ಕಡಿಮೆಯಾಗಿತ್ತು. ಈಗ ಐದು ಸೆಂಟ್ಸು ಜಾಗದಲ್ಲಿ ಒಂದು ಮೂಲೆಗೆ ಬಾವಿ, ಇನ್ನೊಂದು ಮೂಲೆಗೆ ಪಾಯಿಖಾನೆಯ ಗುಂಡಿ, ಬೇಲಿಯಾಚೆ ನೆರೆಯವರ ಗುಂಡಿ. ಬಾವಿಗೂ ಗುಂಡಿಗೂ ಕಡಮೆಯೆಂದರೆ ೧೫ ಮೀಟರು ಅಂತರವಿರಬೇಕೆಂದು ಆರೋಗ್ಯಶಾಸ್ತ್ರ ಹೇಳುತ್ತದೆ. ಬಿಲಗಳುಳ್ಳ ಕಲ್ಲಿನಲ್ಲಿ ಅದೂ ಸಾಲದು. ಉಡುಪಿಯ ನಡುವೆ ಹರಿಯುವ ಇಂದ್ರಾಣಿಗೆ ನಗರದ ಕೊಳಚೆ ಸೇರಿ, ದಡದ ಬಾವಿಗಳು ಕೆಟ್ಟುವೆಂಬ ದೂರು ಹಲವು ವರ್ಷಗಳಿಂದ ಕೇಳಿಬಂದಿದೆ. ಇಂಥಲ್ಲಿ ಮನೆಯವರು ಎಷ್ಟು ಎಚ್ಚರದಿಂದಿದ್ದರೂ ತಮ್ಮ ಬಾವಿಯನ್ನು ತಾವೇ ಕಾಯಲಾರರು. ಒಬ್ಬನ ಕಾವಲು ಸಾಲದೆ ಹೋದಲ್ಲಿ ಊರಿನ ಕಾವಲು ಬೇಕಾಗುತ್ತದೆ. ಕೊಳಾಯಿ ಹುಟ್ಟಿದ್ದು ಈ ಅಗತ್ಯದಿಂದ.

ಹಿಂದಿನ ಮೈಸೂರು ಸಂಸ್ಥಾನದ ಬೆಂಗಳೂರಿಗೆ ಹೆಸರುಘಟ್ಟದ ಕೆರೆಯಿಂದ ಕೊಳವೆಯ ನೀರು ಬಂದದ್ದು ೧೮೯೬ರ ಸುಮಾರಿಗೆ. ಅದು ಸಾಲದಾಗಿ ತಿಪ್ಪಗೊಂಡನಹಳ್ಳಿಯ ಜಲಾಶಯವು ೧೯೩೩ರಲ್ಲಿ ಸಿದ್ಧವಾಯಿತು. ಕಲ್ಕತ್ತೆ ಮೊದಲಾದ ನಗರಗಳಲ್ಲಿ ಕೊಳಾಯಿಯ ತಿರುಪಿನೊಳಗೆ ಚರ್ಮದ ಬಿಲ್ಲೆಯಿದೆಯೆಂದು ಮಡಿವಂತರು ಮೊದಲು ಆ ನೀರನ್ನು ಮುಟ್ಟಲಿಲ್ಲ. ಆದರೂ ಕೊಳಾಯಿ ಗೆದ್ದಿತು. ಅದು ತಂದ ದೊಡ್ಡ ಲಾಭ ಕೇವಲ ಅನುಕೂಲವಲ್ಲ. ಒಂದೇ ಕೊಳವೆಯ ನೀರು ಎಲ್ಲ ಜಾತಿಯ ಮನೆಗಳಿಗೂ ಹೋದದ್ದು, ಮತ್ತು ಆ ನೀರಿಗೆ ಉತ್ತರ ಹೇಳಬೇಕಾದ ಒಂದು ಪುರಸಭೆ ಇದ್ದದ್ದು.

ಪುರಸಭೆಯ ಕೈಯಲ್ಲಿ ಎರಡು ಆಯುಧಗಳಿವೆ: ಮರಳು ಮತ್ತು ಕ್ಲೋರಿನ್. ಮರಳಿನ ಬಲವನ್ನು ಜಗತ್ತಿಗೆ ತೋರಿಸಿದ್ದು ೧೮೯೨ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ದುರಂತ. ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಎರಡು ಊರುಗಳು ಎಲ್ಬೆ ನದಿಯ ದಡದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದುವು. ಮೇಲಿನ ಹ್ಯಾಂಬರ್ಗ್ ನದಿಯ ನೀರನ್ನು ಸೋಸದೆ ಕುಡಿಯಿತು. ಅಲ್ಲಿ ವಾಂತಿಭೇದಿಗೆ ೮,೦೦೦ಕ್ಕೂ ಮೇಲ್ಪಟ್ಟು ಜನ ಬಲಿಯಾದರು. ಹ್ಯಾಂಬರ್ಗಿನ ಕೊಳಚೆಯನ್ನೆಲ್ಲ ಹೊತ್ತ ನೀರನ್ನೇ ಪಡೆಯುತ್ತಿದ್ದ ಕೆಳಗಿನ ಆಲ್ಟೋನಾ ಮರಳಿನಲ್ಲಿ ನಿಧಾನವಾಗಿ ಸೋಸಿ ಕುಡಿಯಿತು. ಅದು ಬಹುಮಟ್ಟಿಗೆ ಪಾರಾಯಿತು. ಕೆಲವು ಮನೆಗಳು ಒಂದೇ ಬೀದಿಯ ಎರಡು ಮಗ್ಗುಲುಗಳಲ್ಲಿದ್ದರೂ, ಯಾವ ಊರಿನ ಕೊಳವೆ ಎಂಬುದರ ಮೇಲೆ ಸಾವು ಬದುಕುಗಳು ನಿರ್ಣಯವಾದುವು. ಕ್ಲೋರಿನ್ ಬಳಕೆ ಇದಾದ ಮೇಲೆ ಬಂದಿತು: ಇಂಗ್ಲೆಂಡಿನ ಲಿಂಕನ್ನಿನಲ್ಲಿ ೧೯೦೫ರಲ್ಲಿ, ಅಮೆರಿಕದ ಜೆರ್ಸಿ ಸಿಟಿಯಲ್ಲಿ ೧೯೦೮ರಲ್ಲಿ.

ಈ ಎರಡು ಊರುಗಳ ಕಥೆ ನಮಗೆ ದೂರದ್ದಲ್ಲ. ಘಟ್ಟದಿಂದಿಳಿದ ಸ್ವರ್ಣಾ ನದಿಯು ಕಾರ್ಕಳದ ಸೀಮೆಯನ್ನು ಹಾಯ್ದು, ಹಿರಿಯಡಕದ ಬಳಿಯ ಬಜೆಗೆ ಬಂದು, ಮುಂದೆ ಸೀತಾ ನದಿಯೊಡನೆ ಕೂಡಿ ಸಮುದ್ರವನ್ನು ಸೇರುತ್ತದೆ. ಕಾರ್ಕಳ ಪಟ್ಟಣಕ್ಕೆ ಮುಂಡ್ಲಿಯ ಕಿಂಡಿ ಅಣೆಕಟ್ಟಿನಿಂದಲೂ, ಉಡುಪಿ ಮಣಿಪಾಲಗಳಿಗೆ ಬಜೆಯ ಅಣೆಕಟ್ಟಿನಿಂದಲೂ ನೀರು ದೊರೆಯುತ್ತದೆ. ಎರಡೂ ಸ್ವರ್ಣೆಯದೇ. ಮೇಲಿನವರು ಬಿಟ್ಟದ್ದು ಕೆಳಗಿನವರ ಲೋಟಕ್ಕೆ ಬರುತ್ತದೆಂಬುದು ಇಲ್ಲಿ ನೀತಿಯ ಮಾತಲ್ಲ, ಭೂಗೋಳದ ಮಾತು. ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಆ ಬೋಳುಗುಡ್ಡದ ಮೇಲೆ ಒಂದು ಪಟ್ಟಣವೇ ಬೆಳೆದಿದೆ. ದೇಶ ವಿದೇಶಗಳ ವಿದ್ಯಾರ್ಥಿಗಳೂ ರೋಗಿಗಳೂ ಸ್ವರ್ಣೆಯನ್ನೇ ಕುಡಿಯುತ್ತಾರೆ.

ಕೊಳಾಯಿಗೂ ಅದರದೇ ಆದ ದೌರ್ಬಲ್ಯವುಂಟು. ೨೦೧೯ರ ಮೇ ತಿಂಗಳಲ್ಲಿ ಬಜೆಯ ಜಲಾಶಯ ಬರಿದಾಗಿ, ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪಿನಿಂದೆತ್ತಿ ನಗರಕ್ಕೆ ಸರದಿಯ ಮೇಲೆ ಹಂಚಬೇಕಾಯಿತು. ಇಂಥ ಕೊರತೆಯ ಕಾರಣದಿಂದ ವಾರಾಹಿ ನದಿಯಿಂದ ಉಡುಪಿಗೆ ನೀರು ತರುವ ಯೋಜನೆಯನ್ನು ಕೈಗೊಳ್ಳಲಾಯಿತು. ನೀರಿನ ಕೊರತೆ ಶುದ್ಧಿಯ ಪ್ರಶ್ನೆಯೂ ಆಗುವುದು ಹೇಗೆಂದರೆ, ಕೊಳವೆಯಲ್ಲಿ ಸದಾ ನೀರಿನ ಒತ್ತಡವಿದ್ದರೆ ಬಿರುಕಿನಿಂದ ನೀರು ಹೊರಗೆ ಸೋರುವುದೇ ಹೊರತು ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ಸರಬರಾಯಿ ನಿಂತು ಕೊಳವೆ ಬರಿದಾದಾಗ ಆ ಬಿರುಕೇ ಚರಂಡಿಯ ನೀರನ್ನು ಒಳಕ್ಕೆ ಸೆಳೆಯುತ್ತದೆ. ಆದಕಾರಣ ಸರದಿಯ ಸರಬರಾಯಿಯಲ್ಲಿ ಮೊದಲು ಬಂದ ನೀರನ್ನು ಕುಡಿಯಲು ಹಿಡಿಯದಿರುವುದು ಜಾಣತನ. ಮನೆಯ ಮೇಲಿನ ಟ್ಯಾಂಕಿಯನ್ನು ವರ್ಷಗಟ್ಟಲೆ ತೊಳೆಯದೆ ಪುರಸಭೆಯನ್ನು ದೂರುವವರೂ ಇಲ್ಲದಿಲ್ಲ.

ಕಾಪುವಿನ ಕಷ್ಟ ಬೇರೆ ತರದ್ದು. ೧೯೦೧ರ ದೀಪಸ್ತಂಭದಿಂದ ಪ್ರಸಿದ್ಧವಾದ ಆ ತೀರದಲ್ಲಿ ಮರಳಿನಡಿಯ ಸಿಹಿನೀರು ಕಡಲಿನ ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಸಿಹಿನೀರು ಮೇಲೆ ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯಷ್ಟು ಉಪ್ಪನ್ನು ಅದು ಒತ್ತಿಹಿಡಿಯಬಲ್ಲುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಾಗೆಯೇ ವಿದ್ಯುತ್ ಪಂಪಿನಿಂದ ಒಂದು ಅಡಿ ಇಳಿಸಿದರೆ ಉಪ್ಪು ನಲವತ್ತು ಅಡಿ ಏರಲು ದಾರಿಯಾಗುತ್ತದೆ. ಕೊಡಪಾನದಿಂದ ಸೇದಿದ ಕಾಲಕ್ಕೆ ಸಿಹಿಯಾಗಿದ್ದ ಬಾವಿ ಪಂಪು ಕೂರಿಸಿದಮೇಲೆ ಉಪ್ಪಾಗುವುದಕ್ಕೆ ಇದೊಂದು ಕಾರಣ. ಸಮೀಪದ ಎಲ್ಲೂರಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಬಗ್ಗೆ ಹಾರುಬೂದಿ, ಉಪ್ಪುನೀರುಗಳ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿ, ಪರಿಸರದ ಹಾನಿಗಾಗಿ ಸುಮಾರು ೫೨ ಕೋಟಿ ರೂಪಾಯಿ ಪರಿಹಾರ ತೆರಬೇಕೆಂದು ೨೦೨೨ರಲ್ಲಿ ಆಜ್ಞೆಯಾಯಿತು. ಬಾವಿಯ ಕಟ್ಟೆಯ ಮೇಲೆ ನಿಂತು ಒಂದು ಸಂಸಾರವು ಇಂಥ ಕಾವಲನ್ನು ನಡಸಲಾದೀತೇ? ಅದಕ್ಕೆ ಶಾಸನ ಬೇಕು, ನ್ಯಾಯಸ್ಥಾನ ಬೇಕು.

ಇನ್ನು ಶೀಸೆಯ ಸರದಿ. ಮೊಹರಿನೊಳಗಿನ ಪಾನೀಯವೆಂದರೆ ನಮ್ಮವರಿಗೆ ಮೊದಲು ನೆನಪಾಗುತ್ತಿದ್ದುದು ಗೋಲಿ ಸೋಡಾ. ಆ ಗೋಲಿಯ ಶೀಸೆ ೧೮೭೦ರ ದಶಕದಲ್ಲಿ ಹೈರಂ ಕಾಡ್ ಎಂಬ ಆಂಗ್ಲನು ಕಲ್ಪಿಸಿದ್ದು. ಬರಿಯ ನೀರನ್ನೇ ಶೀಸೆಯಲ್ಲಿ ಮಾರುವ ವ್ಯಾಪಾರ ೧೯೬೫ರಲ್ಲಿ ಇಟಲಿಯ ಬಿಸ್ಲೇರಿ ಎಂಬ ಹೆಸರಿನಿಂದ ಮುಂಬಯಿಯಲ್ಲಿ ಮೊದಲಾದಾಗ, ನೀರಿಗೆ ಹಣ ಕೊಡುವವರುಂಟೇ ಎಂದು ನಕ್ಕವರೇ ಹೆಚ್ಚು. ಇಂದು ಶೀಸೆಯಿಲ್ಲದ ಸಭೆಯಿಲ್ಲ. ೨೦ ಲೀಟರಿನ ಕ್ಯಾನಿಲ್ಲದ ಕಚೇರಿಯಿಲ್ಲ.

ಕೊಳ್ಳುವವರು ಒಂದು ಭೇದವನ್ನು ತಿಳಿದಿರಬೇಕು. ಖನಿಜಜಲವೆಂಬುದು ಒಂದು ನಿರ್ದಿಷ್ಟ ಊಟೆಯಿಂದಲೋ ಕೊಳವೆಬಾವಿಯಿಂದಲೋ ಪಡೆದು ಅಲ್ಲಿಯೇ ತುಂಬಿದ ನೀರು. ನಮ್ಮ ಅಂಗಡಿಗಳ ಶೀಸೆಗಳಲ್ಲಿ ಬಹುಪಾಲು ಅದಲ್ಲ. ಯಾವುದೋ ಮೂಲದ ನೀರನ್ನು ಸೋಸಿ, ಕ್ರಿಮಿಗಳನ್ನು ಕೊಂದು ತುಂಬಿದ್ದು. ಅಂದರೆ ನಾವು ಹಣ ತೆತ್ತು ಕೊಳ್ಳುವುದು ನೀರನ್ನಲ್ಲ, ಒಂದು ಭರವಸೆಯನ್ನು. ಆ ಭರವಸೆಯ ಚರಿತ್ರೆ ಹೀಗಿದೆ: ೨೦೦೧ರಲ್ಲಿ ಶೀಸೆಯ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಕಡ್ಡಾಯವಾಯಿತು. ೨೦೦೩ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಮುದ್ರೆಯಿದ್ದ ಶೀಸೆಗಳಲ್ಲಿಯೂ ಕೀಟನಾಶಕಗಳ ಅಂಶವನ್ನು ಕಂಡಿತು. ಆಮೇಲೆ ನಿಯಮಗಳು ಬಿಗಿಯಾದುವು. ೨೦೨೪ರ ಅಕ್ಟೋಬರಿನಲ್ಲಿ ಆ ಮುದ್ರೆಯ ಕಡ್ಡಾಯವನ್ನು ತೆಗೆದು, ಸ್ವಲ್ಪ ಕಾಲದಲ್ಲಿಯೇ ಈ ನೀರನ್ನು ಹೆಚ್ಚು ಅಪಾಯಸಂಭವವುಳ್ಳ ಆಹಾರಗಳ ವರ್ಗಕ್ಕೆ ಸೇರಿಸಿ, ತಪಾಸಣೆಗೆ ಒಳಪಡಿಸಲಾಯಿತು. ಅದೇ ವರ್ಷದ ಆರಂಭದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದವರು ಒಂದು ಲೀಟರು ಶೀಸೆಯ ನೀರಿನಲ್ಲಿ ಸರಾಸರಿ ೨,೪೦,೦೦೦ದಷ್ಟು ಪ್ಲಾಸ್ಟಿಕ್ಕಿನ ಅತಿಸೂಕ್ಷ್ಮ ಕಣಗಳನ್ನು ಎಣಿಸಿದರು. ಇವುಗಳಿಂದ ದೇಹಕ್ಕಾಗುವ ಪರಿಣಾಮವೇನೆಂಬುದು ಇನ್ನೂ ವಿಚಾರಣೆಯಲ್ಲಿರುವ ಪ್ರಶ್ನೆ. ಶೀಸೆ ವಿಷವೆಂದು ನಾನು ಹೇಳುತ್ತಿಲ್ಲ. ಪ್ರವಾಸದಲ್ಲಿ, ನೆರೆ ಬಂದಾಗ ಅದು ಉಪಕಾರಿಯೇ. ಶೀಸೆಗೂ ಕಾವಲು ಬೇಕು, ಮೊಹರೇ ಕಾವಲಲ್ಲ ಎಂದಷ್ಟೇ ನನ್ನ ಮಾತು.

ಮನೆಯ ಗೋಡೆಗೆ ತೂಗುಹಾಕುವ ಶುದ್ಧೀಕರಣ ಯಂತ್ರಗಳ ವಿಷಯವೂ ಹೀಗೆಯೇ. ಅವುಗಳಲ್ಲಿ ‘ಆರ್.ಓ.’ ಎಂಬುದು ಲವಣಗಳನ್ನು ತೆಗೆಯುವ ಸಾಧನ. ಉಪ್ಪು ಹತ್ತಿದ ಕಡಲತೀರದ ಬಾವಿಗೆ ಅದು ತಕ್ಕದ್ದು. ಆದರೆ ಮುರಕಲ್ಲಿನ ಬಾವಿಗಳಲ್ಲಿ ಲವಣಗಳು ಸಾಮಾನ್ಯವಾಗಿ ಮೊದಲೇ ಕಡಮೆ. ಅಲ್ಲಿನ ದೋಷವೆಂದರೆ ನೀರಿನ ತುಸು ಹುಳಿತನ, ಕೆಲವೆಡೆ ಕಬ್ಬಿಣದ ಅಂಶ, ಎಲ್ಲಕ್ಕಿಂತ ಹೆಚ್ಚಾಗಿ ಕ್ರಿಮಿಗಳು. ರೋಗ ಒಂದಾದರೆ ಮದ್ದು ಇನ್ನೊಂದು ಎಂಬಂತೆ, ಇಲ್ಲದ ಉಪ್ಪನ್ನು ತೆಗೆಯಲು ಬಹಳಷ್ಟು ಒಳ್ಳೆಯ ನೀರನ್ನು ಚರಂಡಿಗೆ ಬಿಡುವುದು ಜಾಣತನವಲ್ಲ. ಕ್ರಿಮಿಗಳಿಗೆ ಅಜ್ಜಿಯಂದಿರ ಉಪಾಯವೇ ಸಾಕು: ನೀರು ಕೊತಕೊತನೆ ಕುದಿದು ಒಂದು ನಿಮಿಷ ಹಾಗೆಯೇ ಇರಬೇಕು. ಮಳೆಗಾಲದಲ್ಲಿ ಬಾವಿಗೆ ೧,೦೦೦ ಲೀಟರು ನೀರಿಗೆ ಸುಮಾರು ಎರಡೂವರೆ ಗ್ರಾಮಿನಂತೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಕರಗಿಸಿ, ತಿಳಿಯನ್ನು ಮಾತ್ರ ಬೆರಸಿ, ಒಂದು ಗಂಟೆಯಾದಮೇಲೆ ಬಳಸುವುದು ಆರೋಗ್ಯ ಇಲಾಖೆಗಳು ಹಿಂದಿನಿಂದ ಹೇಳಿಕೊಂಡುಬಂದ ಕ್ರಮ.

ಆದರೆ ಎಲ್ಲಕ್ಕೂ ಮೊದಲು ಪರೀಕ್ಷೆ. ಭಾರತದ ಮಾನಕವು ಹೇಳುವುದು ಸ್ಪಷ್ಟವಾಗಿದೆ: ೧೦೦ ಮಿಲಿಲೀಟರು ನೀರಿನಲ್ಲಿ ಮಲಮೂಲದ ಕ್ರಿಮಿ ಒಂದೂ ಇರಕೂಡದು, ಕೊಳಾಯಿಯ ನೀರಿನಲ್ಲಿ ಲೀಟರಿಗೆ ೦.೨ ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಉಳಿದಿರಬೇಕು. ಕೊಳಾಯಿಯ ನೀರಿನ ಆ ಅಲ್ಪ ವಾಸನೆಯನ್ನು ನಾವು ಹಳಿಯುತ್ತೇವೆ. ಕಾವಲುಗಾರನು ಎಚ್ಚತ್ತಿರುವ ಗುರುತು ಅದು.

ಈ ಚರಿತ್ರೆಯಿಂದ ನನಗೆ ತೋರುವ ನೀತಿ ಇದು. ನೀರು ಶುದ್ಧವಾಗಿರುವುದು ಅದು ಬಾವಿಯಿಂದ ಬಂದಿತು, ಕೊಳಾಯಿಯಿಂದ ಬಂದಿತು, ಶೀಸೆಯಿಂದ ಬಂದಿತು ಎಂಬುದರಿಂದಲ್ಲ. ಅದನ್ನು ಕಾಯುವವರು ಎಚ್ಚತ್ತಿದ್ದಾರೆಯೇ ಎಂಬುದರಿಂದ. ಉಳ್ಳವರೆಲ್ಲ ಶೀಸೆಯನ್ನು ಹಿಡಿದು ಕೊಳಾಯಿಯನ್ನು ಮರೆತರೆ, ಪುರಸಭೆಯನ್ನು ಪ್ರಶ್ನಿಸಬಲ್ಲ ವಿದ್ಯಾವಂತರ ಧ್ವನಿಯೇ ಇಲ್ಲದಂತಾಗುತ್ತದೆ. ಆಗ ಕೊಳಾಯಿ ಕೆಡುತ್ತದೆ. ಕೆಟ್ಟದ್ದನ್ನು ಕುಡಿಯುವವರು ಶೀಸೆ ಕೊಳ್ಳಲಾರದವರು. ಒಮ್ಮೆ ಮಡಿಯ ಹೆಸರಿನಲ್ಲಿ ಒಳ್ಳೆಯ ನೀರು ಕೆಲವರಿಗೆ ಮೀಸಲಾಗಿದ್ದಿತು. ಈಗ ಹಣದ ಹೆಸರಿನಲ್ಲಿ ಮತ್ತೆ ಹಾಗಾಗಬಾರದು. ಪ್ರತಿಯೊಂದು ಪಟ್ಟಣದಲ್ಲಿಯೂ ನೀರಿನ ಪರೀಕ್ಷೆಯ ಫಲಿತಾಂಶವನ್ನು ವಾರಕ್ಕೊಮ್ಮೆ ಜನರು ಓದುವಂತೆ ಹಲಗೆಯ ಮೇಲೆ ಬರೆಯಬೇಕೆಂದು ನಾವು ಕೇಳಬೇಕು. ಕೇಳುವುದೂ ಕಾವಲಿನ ಒಂದು ಭಾಗವೇ.

ಮದುವೆಯ ಮನೆಯಿಂದ ಹೊರಡುವಾಗ ನಾನು ಯಜಮಾನರಲ್ಲಿ ಆ ಬಾವಿಯ ನೀರನ್ನೇ ಕೇಳಿದೆನು. ಅವರು ಸಂತೋಷಪಟ್ಟರು, ಆದರೂ ಹಿತ್ತಿಲ ಕಡೆಗೆ ತಿರುಗಿ, “ಕಾಯಿಸಿ ಆರಿಸಿದ್ದನ್ನೇ ತನ್ನಿ” ಎಂದು ಕೂಗಿದರು. ತಂಬಿಗೆ ಬಂದಿತು. ಅತಿಥಿಗೆ ನೀರು ಕೊಡುವವನ ಕರ್ತವ್ಯವನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.